ಟ್ರೆಜರಿಯಲ್ಲಿ ಬಿಲ್ಲು ನಿಂತಾಗ ಕಾಲೇಜು ಆಫೀಸನ್ನು ನಡೆಸುವುದು ಹೇಗೆ?

ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜುಗಳಲ್ಲಿ ದುಡ್ಡಿನ ಲೆಕ್ಕ ನೋಡುವವರಿಗಾಗಿ ಈ ಬರಹ. ಸರ್ಕಾರಿ ಕಾಲೇಜಿನಲ್ಲಿ ನೀವು ಸೂಪರಿಂಟೆಂಡೆಂಟ್ ಅಥವಾ ಹೆಡ್ ಅಕೌಂಟೆಂಟ್ ಆಗಿರಬಹುದು. ಅನುದಾನಿತ ಕಾಲೇಜಿನಲ್ಲಿ ಪಾಠದ ಜೊತೆಗೆ ಬರ್ಸರ್ (ಹಣಕಾಸು ನೋಡುವವರ) ಕೆಲಸವೂ ತಲೆಗೆ ಬಿದ್ದ ಅಧ್ಯಾಪಕರಿರಬಹುದು. ಸ್ವಾಶ್ರಯಿ, ಅಂದರೆ ಫೀಸಿನ ಹಣದಲ್ಲೇ ನಡೆಯುವ ಕಾಲೇಜಾದರೆ ಬರೀ "ಅಕೌಂಟ್ಸ್‌ನವರು". ಯಾರೇ ಆಗಿರಲಿ, ಬಿಲ್ಲು ತಡವಾದ ತಿಂಗಳು ಎಲ್ಲರೂ ಬಂದು ನಿಲ್ಲುವುದು ನಿಮ್ಮ ಮೇಜಿನ ಮುಂದೆ. ಪ್ರಿನ್ಸಿಪಾಲರ ಸಹಿ ಇಲ್ಲದೆ ನಿಮ್ಮಿಂದ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಆದರೆ ಉತ್ತರ ಮಾತ್ರ ನೀವೇ ಹೇಳಬೇಕು.

ಮೊದಲು ಒಂದು ವಿಷಯ ಸ್ಪಷ್ಟ ಇರಲಿ. ಈಗಿನ ಹಣದ ಬಿಗಿ ನಿಮ್ಮ ಕಾಲೇಜಿನಲ್ಲಿ ಹುಟ್ಟಿದ್ದಲ್ಲ. ರಾಜ್ಯಗಳಿಗೆ ಕೇಂದ್ರ ಕೊಡುತ್ತಿದ್ದ ಜಿಎಸ್‌ಟಿ ಪರಿಹಾರದ ಅವಧಿ 2022ರ ಜೂನ್‌ಗೆ ಮುಗಿಯಿತು. ಕೇಂದ್ರ ಹಾಕಿದ ಸಾಲದ ಮಿತಿಯ ತಕರಾರು ಹಿಡಿದುಕೊಂಡು ಕೇರಳ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಮಾರ್ಚ್‌ನಲ್ಲಂತೂ ಸರ್ಕಾರಿ ನೌಕರರ ಸಂಬಳವೇ ತಡವಾಯಿತು. ಬಂದ ಮೇಲೂ ಟ್ರೆಜರಿ ಖಾತೆಯಿಂದ ದಿನಕ್ಕೆ 50,000 ರೂಪಾಯಿಗಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಅಷ್ಟು ಮೇಲಿನ ಗಂಟನ್ನು ಕಾಸರಗೋಡಿನ ಒಂದು ಆಫೀಸು ಬಿಚ್ಚಲಿಕ್ಕೆ ಸಾಧ್ಯವಿಲ್ಲ. ಹಾಗಾದರೆ ನಿಮ್ಮ ಕೈಯಲ್ಲಿ ಎಂತ ಉಂಟು? ನನ್ನ ಪ್ರಕಾರ ಒಂದು ಕೆಲಸ ಉಂಟು. ಈಗ ಎಷ್ಟಿದೆ, ಯಾವುದು ಯಾವಾಗ ಬರಬಹುದು, ಬಂದರೆ ಮೊದಲು ಯಾರಿಗೆ ಅಂತ ಸಂಬಂಧಪಟ್ಟವರಿಗೆಲ್ಲ ಬೇಗ ಹೇಳಿಬಿಡುವುದು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕೇ.

ಹೆಜ್ಜೆ 1: ದುಡ್ಡನ್ನು ನಾಲ್ಕು ರಾಶಿ ಮಾಡಿ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದು, ಈಗಲೇ ಖರ್ಚು ಮಾಡಬಹುದಾದ ಹಣ. ಎರಡನೆಯದು, ಅಲಾಟ್‌ಮೆಂಟ್ (ಇಷ್ಟು ಖರ್ಚು ಮಾಡಬಹುದು ಅನ್ನುವ ಹಂಚಿಕೆ) ಬಂದಿದೆ, ಹಣ ಬಂದಿಲ್ಲ. ಮೂರನೆಯದು, ಮಾತು ಮಾತ್ರ ಬಂದಿದೆ, ಆರ್ಡರ್ ಬಂದಿಲ್ಲ. ನಾಲ್ಕನೆಯದು, ನಿಮ್ಮ ಖಾತೆಯಲ್ಲಿ ಇದ್ದರೂ ನಿಮ್ಮದಲ್ಲದ ಹಣ.

ಗಲಾಟೆ ಆಗುವುದು ಹೆಚ್ಚಾಗಿ ಎರಡನೆಯ ಕಾಲಂನಿಂದ. ಕೆಮಿಸ್ಟ್ರಿ ಲ್ಯಾಬಿಗೆ 4 ಲಕ್ಷದ ಅಲಾಟ್‌ಮೆಂಟ್ ಬಂತು ಅಂತ ಇಟ್ಟುಕೊಳ್ಳಿ. ಹಂಚಿಕೆ ತೋರಿಸುವ ಸರ್ಕಾರಿ ತಂತ್ರಾಂಶ ಬ್ಯಾಮ್ಸ್‌ನಲ್ಲಿ ಅಂಕಿ ಕಾಣುತ್ತದೆ. ವಿಭಾಗದ ಮುಖ್ಯಸ್ಥರ ಲೆಕ್ಕದಲ್ಲಿ ದುಡ್ಡು ಬಂದಾಯಿತು. ಆದರೆ ಸಾಮಾನು ಬರಬೇಕು, ಸ್ಟಾಕ್ ರಿಜಿಸ್ಟರಿಗೆ ಏರಬೇಕು, ಬಿಲ್ಲು ಬಿಮ್ಸ್ ಅನ್ನುವ ಬಿಲ್ಲಿನ ತಂತ್ರಾಂಶದ ಮೂಲಕ ಟ್ರೆಜರಿಗೆ ಹೋಗಬೇಕು. ಅಲ್ಲಿ ವೇಸ್ ಆ್ಯಂಡ್ ಮೀನ್ಸ್ ಮಿತಿಗಿಂತ (ಮೇಲಿನ ಅನುಮತಿ ಇಲ್ಲದೆ ಟ್ರೆಜರಿ ಪಾಸು ಮಾಡಬಹುದಾದ ಮೊತ್ತ) ಜಾಸ್ತಿಯ ಬಿಲ್ಲಾದರೆ ಸಾಲಿನಲ್ಲಿ ಕಾಯಬೇಕು. ಈ ಮಿತಿ ಸರ್ಕಾರದ ಕೈಯಲ್ಲಿರುವ ನಗದು ನೋಡಿಕೊಂಡು ಏರಿಳಿಯುತ್ತಾ ಇರುತ್ತದೆ. ಆದ್ದರಿಂದ ಹೋದ ವರ್ಷದ ಮಿತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರಿಗೂ ಮಾತು ಕೊಡಬೇಡಿ. ಆ ವಾರದ ಮಿತಿ ಎಷ್ಟು ಅಂತ ಟ್ರೆಜರಿಗೇ ಫೋನ್ ಮಾಡಿ ಕೇಳಿ. ಮಿತಿ ತಪ್ಪಿಸಲಿಕ್ಕೆ ಒಂದೇ ಖರೀದಿಯನ್ನು ಎರಡು ಬಿಲ್ಲು ಮಾಡುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಡಿಟ್‌ನವರಿಗೆ ಅದು ಹಳೆಯ ಉಪಾಯ.

ಮೂರನೆಯ ಕಾಲಂನಲ್ಲಿ ಹಳೆಯ ಆಸೆಗಳು ಜಾಸ್ತಿ ಇರುತ್ತವೆ. "ಯುಜಿಸಿಯಿಂದ ಬರುತ್ತದಲ್ಲ?" ಅಂತ ಈಗಲೂ ಕೇಳುವ ಹಿರಿಯ ಅಧ್ಯಾಪಕರು ಇದ್ದಾರೆ. ಯುಜಿಸಿಯ ಯೋಜನಾ ಅನುದಾನ 12ನೇ ಪಂಚವಾರ್ಷಿಕ ಯೋಜನೆಯ ಜೊತೆಗೆ 2017ರ ಮಾರ್ಚ್‌ಗೆ ಮುಗಿದು ಹೋಯಿತು. ಉನ್ನತ ಶಿಕ್ಷಣಕ್ಕಾಗಿ 2013ರಲ್ಲಿ ಶುರುವಾದ ಕೇಂದ್ರದ ರೂಸಾ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರದ್ದು 60, ರಾಜ್ಯದ್ದು 40 ಪಾಲು. 2023ರಿಂದ ಅದೇ ಪಿಎಂ-ಉಷಾ ಆಗಿದೆ. ಎರಡು ಕಡೆಯ ಪಾಲು ಸೇರಬೇಕಾದ ಹಣವನ್ನು ಆರ್ಡರ್ ಕೈಗೆ ಬರುವವರೆಗೆ ಮೂರನೆಯ ಕಾಲಂನಲ್ಲೇ ಇಡಿ. ಒತ್ತಾಯ ಮಾಡಿದರೂ ಎರಡಕ್ಕೆ ತರಬೇಡಿ.

ಹೆಜ್ಜೆ 2: ನಾಲ್ಕನೆಯ ರಾಶಿಗೆ ಕೈ ಹಾಕಬೇಡಿ

ಈ ಹೆಜ್ಜೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಗಿ ಬಂದಾಗ ಒಳ್ಳೆಯವರೂ ಎಡವುವುದು ಇಲ್ಲೇ.

ಕಾಲೇಜಿನ ಖಾತೆಗಳಲ್ಲಿ ಯಾವಾಗಲೂ ಸ್ವಲ್ಪ ಹಣ ಮಲಗಿರುತ್ತದೆ. ಮಕ್ಕಳ ಕಾಷನ್ ಡೆಪಾಸಿಟ್. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಾದ ಪರೀಕ್ಷಾ ಶುಲ್ಕ. ಎನ್‌ಎಸ್‌ಎಸ್ ಹಣ. ಪಿಟಿಎ ಹಣ. ಯಾವುದೋ ಪ್ರಾಜೆಕ್ಟಿಗೆ ಅಂತಲೇ ಬಂದ ಗ್ರಾಂಟು. ಎದುರಲ್ಲಿ ಎರಡು ತಿಂಗಳಿಂದ ದುಡ್ಡು ಸಿಗದ ಗೆಸ್ಟ್ ಲೆಕ್ಚರರ್ ನಿಂತಿರುತ್ತಾರೆ. ಆಗ ಯಾರೋ ಹೇಳುತ್ತಾರೆ: "ಸುಮ್ನೆ ಅಲ್ಲಿಂದ ಕೊಡುವ. ಬಿಲ್ಲು ಪಾಸಾದ ಕೂಡಲೇ ವಾಪಸ್ ಹಾಕಿದರೆ ಆಯಿತಲ್ಲ."

ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬಿಲ್ಲು ಯಾವಾಗ ಪಾಸಾಗುತ್ತದೆ ಅಂತ ಗೊತ್ತಿಲ್ಲದೆ ತಾನೇ ಈ ಕಷ್ಟ? ಒಂದು ಕಡೆಯ ತೂತು ಮುಚ್ಚಲಿಕ್ಕೆ ಇನ್ನೊಂದು ಕಡೆ ಕೊರೆದರೆ, ಮಾರ್ಚ್ ಬರುವಾಗ ಯಾವುದರ ಹಣ ಎಲ್ಲಿ ಹೋಯಿತು ಅಂತ ಬರೆದವರಿಗೇ ನೆನಪಿರುವುದಿಲ್ಲ. ಪರೀಕ್ಷಾ ಶುಲ್ಕ ಒಂದು ದಿನ ತಡವಾದರೂ ಮಕ್ಕಳ ಮೇಲೆ ದಂಡ ಬೀಳುತ್ತದೆ. ಕೇಂದ್ರದ ಗ್ರಾಂಟಾದರೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಆರ್ಥಿಕ ವರ್ಷ ಮುಗಿದು 12 ತಿಂಗಳು ಅದಕ್ಕೆ ಸಮಯ. ಕೊಟ್ಟ ಉದ್ದೇಶಕ್ಕೇ ಖರ್ಚಾಗಿದೆ ಅಂತ ಅದರಲ್ಲಿ ಸಹಿ ಹಾಕುವವರು ಪ್ರಿನ್ಸಿಪಾಲರು. ಆ ಹಣಕ್ಕೆ ಬಂದ ಬಡ್ಡಿಯೂ ನಿಮ್ಮದಲ್ಲ, ವಾಪಸ್ ಕಟ್ಟಬೇಕು.

ಆದರೆ ಪ್ರಿನ್ಸಿಪಾಲರೇ ಹೇಳಿದರೆ? ಎದುರು ಮಾತನಾಡುವುದು ಸುಲಭ ಅಲ್ಲ. "ರೂಲ್ ಇಲ್ಲ ಸರ್" ಅಂತ ಹೇಳಿ ಸುಮ್ಮನಾದರೆ ನೀವು ಅಡ್ಡಗಾಲು ಹಾಕುವವರಾಗುತ್ತೀರಿ. ಹೀಗೆ ಹೇಳಿ ನೋಡಿ:

"ಸರ್, ಪ್ರಾಜೆಕ್ಟ್ ಖಾತೆಯಿಂದ ತೆಗೆದರೆ ಬಳಕೆ ಪ್ರಮಾಣಪತ್ರಕ್ಕೆ ನಾಳೆ ನೀವೇ ಸಹಿ ಹಾಕಬೇಕಾಗುತ್ತದೆ. ಅದು ಬೇಡ. ನನಗೆ ಎರಡು ದಾರಿ ಕಾಣುತ್ತದೆ. ಪಿಟಿಎ ಕಾರ್ಯಕಾರಿ ಸಮಿತಿ ಕರೆದು ನಿರ್ಣಯ ಮಾಡಿಸಿ, ಅವರ ಹಣದಿಂದ ಇಷ್ಟು ಜನಕ್ಕೆ ಮುಂಗಡ ಕೊಡಬಹುದಾ ಅಂತ ಕೇಳುವ. ಆಗದಿದ್ದರೆ ಗೆಸ್ಟ್‌ನವರ ಬಿಲ್ಲು ಮಾತ್ರ ಬೇರೆ ಮಾಡಿ ಇವತ್ತೇ ಕಳಿಸುವ. ಲ್ಯಾಬ್ ಬಿಲ್ಲು ಆಮೇಲೆ."

ಬೇಡ ಅನ್ನುವ ಮಾತಿನ ಬೆನ್ನಿಗೇ ಮಾಡಬಹುದಾದ ಎರಡು ದಾರಿ ಬಂದರೆ ಹೆಚ್ಚಿನವರು ಕೇಳುತ್ತಾರೆ. ಕೇಳದಿದ್ದರೆ ಅದೇ ಮಾತನ್ನು ಫೈಲಿನಲ್ಲಿ ನೋಟ್ ಬರೆದು ಕಳಿಸಿ. ಕೋಪದ ಭಾಷೆ ಬೇಡ, ಮೂರು ಸಾಲು ಸಾಕು. ಬಾಯಿಮಾತಿನ ಆರ್ಡರ್ ನೋಟಿನ ಮುಂದೆ ಬಂದಾಗ ಎಷ್ಟೋ ಸಲ ತಾನಾಗಿ ಬದಲಾಗುತ್ತದೆ.

ಪಿಟಿಎ ನಿರ್ಣಯದ ವಿಷಯದಲ್ಲಿ ಒಂದು ಎಚ್ಚರ. ನಿರ್ಣಯದಲ್ಲಿ ಮೊತ್ತ, ಉದ್ದೇಶ, ವಾಪಸ್ ಬರುವ ದಾರಿ ಮೂರೂ ಇರಬೇಕು. "ಅಗತ್ಯ ಬಿದ್ದಾಗ ಖರ್ಚು ಮಾಡಲು ಅನುಮತಿಸಲಾಯಿತು" ಅಂತ ಬರೆಸಿಕೊಂಡರೆ ಅದು ಖಾಲಿ ಚೆಕ್ಕು. ಯಾರನ್ನೂ ಕಾಪಾಡುವುದಿಲ್ಲ.

ಹೆಜ್ಜೆ 3: ಮೂರು ತಿಂಗಳ ಮುಂದಿನ ಲೆಕ್ಕ

ವರ್ಷದ ಬಜೆಟ್ ಬಿಗಿಯ ಕಾಲದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮುಂದಿನ ಮೂರು ತಿಂಗಳ ಹಾಳೆಯೊಂದನ್ನು ವಾರವಾರದ ಲೆಕ್ಕದಲ್ಲಿ ಮಾಡಿ. ಎಕ್ಸೆಲ್ ಬೇಕೆಂದಿಲ್ಲ, ಹಳೆಯ ಲೆಡ್ಜರ್ ಹಾಳೆಯೂ ಸಾಕು. ಹೋಗುವ ಕಡೆ ಕೆಎಸ್‌ಇಬಿಯ ಕರೆಂಟ್ ಬಿಲ್ಲು, ಇಂಟರ್ನೆಟ್, ಗೆಸ್ಟ್ ಸಂಭಾವನೆ, ದಿನಗೂಲಿಯವರು, ಪರೀಕ್ಷೆಯ ಖರ್ಚು, ಲ್ಯಾಬಿನ ಗ್ಯಾಸು. ಬರುವ ಕಡೆ ಮೊದಲ ರಾಶಿಯ ಹಣ ಮಾತ್ರ. ಎರಡನೆಯ ರಾಶಿಯದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಈ ಹಾಳೆಯಲ್ಲಿ ಮೊತ್ತಕ್ಕಿಂತ ತಾರೀಕು ಮುಖ್ಯ. ಆಗಸ್ಟ್-ಸೆಪ್ಟೆಂಬರಿನಲ್ಲಿ ಓಣಂ ಬರುತ್ತದೆ. ಬೋನಸ್, ಹಬ್ಬದ ಭತ್ಯೆ, ಮುಂಗಡ ಅಂತ ಸರ್ಕಾರದ ಹಣ ಆ ಕಡೆ ಹರಿಯುತ್ತದೆ. ಆ ವಾರಗಳಲ್ಲಿ ನಿಮ್ಮ ಪೀಠೋಪಕರಣದ ಬಿಲ್ಲು ಬೇಗ ಪಾಸಾಗುತ್ತದೆ ಅಂತ ನಂಬಬೇಡಿ. ಮಾರ್ಚ್‌ನಲ್ಲಿ ವರ್ಷ ಮುಗಿಯುವ ಗಡಿಬಿಡಿ ಎಲ್ಲರಿಗೂ ಗೊತ್ತು.

ಸ್ವಾಶ್ರಯಿ ಕಾಲೇಜುಗಳಿಗೆ ಇನ್ನೊಂದು ಲೆಕ್ಕ ಉಂಟು. ನಮ್ಮ ಕಡೆಯ ಬಹಳಷ್ಟು ಮನೆಗಳ ಕೈಗೆ ದುಡ್ಡು ಬರುವುದು ಅಡಿಕೆಯಿಂದ. ಕೊಯ್ಲು ಶುರುವಾಗುವುದು ಮಳೆ ಮುಗಿದ ಮೇಲೆ. ಕಾಲೇಜಿನ ಫೀಸು ಕೇಳುವುದು ಜೂನ್-ಜುಲೈಯಲ್ಲಿ. ಆಗ ತೋಟದಲ್ಲಿ ಮಹಾಳಿ ರೋಗಕ್ಕೆ ಮದ್ದು ಬಿಡುವ ಖರ್ಚು, ಮನೆಯಲ್ಲಿ ಶಾಲೆ-ಕಾಲೇಜಿನ ಖರ್ಚು. ಬೀಡಿ ಕಟ್ಟುವ, ಕೂಲಿಗೆ ಹೋಗುವ ಮನೆಗಳಿಗೆ ಮಳೆಗಾಲ ಇನ್ನೂ ಬಿಗಿ. ಫೀಸಿನ ಒಂದು ಕಂತನ್ನು ಡಿಸೆಂಬರ್-ಜನವರಿಗೆ ಇಟ್ಟರೆ ಬಾಕಿ ಕಡಿಮೆಯಾಗುತ್ತದೆ. ಮ್ಯಾನೇಜ್‌ಮೆಂಟಿಗೆ ಇದನ್ನು ದಯೆಯ ಮಾತಾಗಿ ಹೇಳಬೇಡಿ, ವಸೂಲಿಯ ಮಾತಾಗಿ ಹೇಳಿ. ಬೇಗ ಒಪ್ಪುತ್ತಾರೆ.

ವಿದ್ಯಾರ್ಥಿವೇತನದ್ದು ಬೇರೆಯೇ ತಲೆಬಿಸಿ. ರಾಜ್ಯದ ವಿದ್ಯಾರ್ಥಿವೇತನ ಬರುವ ಆನ್‌ಲೈನ್ ವ್ಯವಸ್ಥೆ ಇ-ಗ್ರಾಂಟ್ಸ್‌ನ ಹಣ ತಡವಾಗುವುದು ಹೊಸತಲ್ಲ. ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ವೇತನದ ನಿಯಮ 2021ರಲ್ಲಿ ಬದಲಾಗಿ, ಕೇಂದ್ರದ 60 ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಹೋಗುವ ವ್ಯವಸ್ಥೆ ಬಂತು. ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ಮೇಲೆ ಅದು ಬರುತ್ತದೆ. ಹಾಗಾಗಿ ಆಧಾರ್ ಜೋಡಿಸದ ಖಾತೆ, ಹೆಸರಿನ ಸ್ಪೆಲಿಂಗ್ ತಪ್ಪು ಇವೆಲ್ಲ ಈಗ ಕಾಲೇಜಿನ ನಗದಿಗೂ ತಾಗುತ್ತವೆ. ಅಡ್ಮಿಷನ್ ಆದ ತಿಂಗಳಲ್ಲೇ ಪಟ್ಟಿ ಹಿಡಿದು ಕೂತು ಸರಿ ಮಾಡಿಸಿ. ವೇತನ ಬರಲಿಲ್ಲ ಅಂತ ಆ ಹುಡುಗ ಹುಡುಗಿಯರ ಹಾಲ್ ಟಿಕೆಟಿಗೆ ಮಾತ್ರ ಕೈ ಹಾಕಬೇಡಿ. ಸರ್ಕಾರ ಬಾಕಿ ಇಟ್ಟದ್ದಕ್ಕೆ ಮಗು ಪರೀಕ್ಷೆ ತಪ್ಪಿಸಿಕೊಳ್ಳಬೇಕಾ?

ಹೆಜ್ಜೆ 4: ಯಾರಿಗೆ ಮೊದಲು?

ಇದನ್ನು ಹಣ ಬರುವ ಮೊದಲೇ ತೀರ್ಮಾನಿಸಿ, ಕಾಲೇಜು ಕೌನ್ಸಿಲಿನಲ್ಲಿ ಒಪ್ಪಿಸಿಕೊಳ್ಳಿ. ಬಂದ ಮೇಲೆ ಕೂತರೆ ಜೋರು ಸ್ವರದವರಿಗೆ ಮೊದಲು ಸಿಗುತ್ತದೆ.

ಕಾಯಂ ನೌಕರರ ಸಂಬಳ ಸ್ಪಾರ್ಕ್ ಅನ್ನುವ ಸರ್ಕಾರಿ ಸಂಬಳದ ತಂತ್ರಾಂಶದ ಮೂಲಕ ಆಗುತ್ತದೆ. ಅನುದಾನಿತ ಕಾಲೇಜಿನವರಿಗೂ 1972ರ ನೇರ ಪಾವತಿ ವ್ಯವಸ್ಥೆ ಬಂದ ಮೇಲೆ ಸಂಬಳ ಸರ್ಕಾರದ್ದೇ. ತಡವಾದರೂ ಬರುತ್ತದೆ. ಉಳಿದದ್ದರಲ್ಲಿ ನಾನು ಇಡುವ ಸಾಲು ಹೀಗೆ: ದಿನಗೂಲಿಯಲ್ಲಿ ಗುಡಿಸುವವರು ಮತ್ತು ವಾಚ್‌ಮನ್, ಆಮೇಲೆ ಗೆಸ್ಟ್ ಲೆಕ್ಚರರ್‌ಗಳು, ಆಮೇಲೆ ಕರೆಂಟು ಮತ್ತು ಪರೀಕ್ಷೆ, ಆಮೇಲೆ ಊರಿನ ಸಣ್ಣ ಅಂಗಡಿಗಳು, ಕೊನೆಗೆ ದೊಡ್ಡ ಕಂಪನಿಗಳು. ಸೆಮಿನಾರ್, ಫ್ಲೆಕ್ಸು, ನೆನಪಿನ ಕಾಣಿಕೆ ಇವೆಲ್ಲ ಸಾಲಿನಲ್ಲೇ ಇಲ್ಲ.

ಊರಿನ ಅಂಗಡಿಯವರನ್ನು ಕಂಪನಿಗಿಂತ ಮೇಲೆ ಇಟ್ಟದ್ದಕ್ಕೆ ಕಾರಣ ಉಂಟು. ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವರು, ಬೆಂಚು ರಿಪೇರಿ ಮಾಡುವ ಆಚಾರಿ, ಸ್ಟೇಷನರಿಯವರು ಇವರಿಗೆ 20,000 ರೂಪಾಯಿ ಆರು ತಿಂಗಳು ನಿಂತರೆ ಅವರ ಬಂಡವಾಳವೇ ನಿಲ್ಲುತ್ತದೆ. ಅವರ ಫೋನು ತಪ್ಪಿಸಬೇಡಿ. ಕರೆದು, ಬಿಲ್ಲಿನ ನಂಬರು, ಟ್ರೆಜರಿಗೆ ಹೋದ ತಾರೀಕು ತೋರಿಸಿ. "ಮುಂದಿನ ವಾರ ಆಗುತ್ತದೆ ಮಾರಾಯ್ರೆ" ಅಂತ ಸುಳ್ಳು ಹೇಳುವುದಕ್ಕಿಂತ, "ಯಾವಾಗ ಅಂತ ಗೊತ್ತಿಲ್ಲ, ಪ್ರತಿ ತಿಂಗಳ 10ಕ್ಕೆ ನಾನೇ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಹೇಳುತ್ತೇನೆ" ಅಂದರೆ ಅವರು ತಡೆದುಕೊಳ್ಳುತ್ತಾರೆ. ಆದರೆ ಆ 10ನೇ ತಾರೀಕು ತಪ್ಪಬಾರದು.

ಹೆಜ್ಜೆ 5: ಹೇಳುವುದು, ಅರ್ಥವಾಗುವ ಭಾಷೆಯಲ್ಲಿ

ತಿಂಗಳಿಗೊಮ್ಮೆ ಒಂದು ಪುಟದ ಟಿಪ್ಪಣಿ ಸಾಕು. ನಾಲ್ಕು ರಾಶಿಯ ಮೊತ್ತ, ನಿಂತ ಬಿಲ್ಲುಗಳ ಪಟ್ಟಿ, ಮುಂದಿನ ತಿಂಗಳು ಆಗುವುದು ಮತ್ತು ಆಗದ್ದು. ಪ್ರಿನ್ಸಿಪಾಲರ ಸಹಿಯಲ್ಲಿ ಸ್ಟಾಫ್ ರೂಮಿಗೆ ಹೋಗಲಿ. ಗೆಸ್ಟ್ ಲೆಕ್ಚರರ್‌ಗಳಿಗೂ ಕೊಡಿ. ಎಷ್ಟೋ ಕಡೆ ಅವರಿಗೆ ವಿಷಯ ತಿಳಿಯುವುದು ಕೊನೆಗೆ, ಅದೂ ಕ್ಯಾಂಟೀನಿನಲ್ಲಿ.

ಸರ್ಕಾರದ ಆರ್ಡರುಗಳು ಬರುವುದು ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಪಿಟಿಎ ಸಭೆಗೆ ಬರುವ ಅಪ್ಪ-ಅಮ್ಮಂದಿರಲ್ಲಿ ಕನ್ನಡ, ತುಳು, ಬ್ಯಾರಿ, ಮರಾಠಿ, ಮಲಯಾಳ ಎಲ್ಲ ಉಂಟು. ಫೀಸು ಯಾಕೆ ಈಗ, ಸ್ಕಾಲರ್‌ಶಿಪ್ ಯಾಕೆ ಬರಲಿಲ್ಲ ಅನ್ನುವ ವಿಷಯ ಅವರಿಗೆ ಇಂಗ್ಲಿಷ್ ಸರ್ಕ್ಯುಲರಿನಲ್ಲಿ ತಲುಪುವುದಿಲ್ಲ. ನೋಟಿಸನ್ನು ಕನ್ನಡದಲ್ಲೂ ಹಾಕಿ. ಸಭೆಯಲ್ಲಿ ಹತ್ತು ನಿಮಿಷ ತುಳುವಿನಲ್ಲೋ ಕನ್ನಡದಲ್ಲೋ ಬಾಯಿಬಿಟ್ಟು ಹೇಳಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಸ್ಕಾಲರ್‌ಶಿಪ್ ಬರದ ಮನೆಯವರು ತಾವೇ ಕನ್ನಡದಲ್ಲಿ ಅರ್ಜಿ ಬರೆಯಬಹುದು ಅಂತ ತಿಳಿಸಿ. ಬೇಕಾದರೆ ಒಂದು ಮಾದರಿ ಬರೆದು ಆಫೀಸಿನಲ್ಲಿ ಇಡಿ.

ಹೆಜ್ಜೆ 6: ಬಿಲ್ಲಿನ ಹಿಂದೆ ಹೋಗಿ

ನಮ್ಮ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿ ಕೋಝಿಕ್ಕೋಡಿನಲ್ಲಿ. ನಿರ್ದೇಶನಾಲಯ ತಿರುವನಂತಪುರದಲ್ಲಿ. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಮುಟ್ಟುವ ದಾರಿ. ಒಂದು ಸಹಿಗೆ ಅಷ್ಟು ದೂರ ಹೋಗಿ ಬರುವುದು ಖರ್ಚಿನ ಕೆಲಸ. ಆದ್ದರಿಂದ ಬಿಲ್ಲು ವಾಪಸ್ ಬರದ ಹಾಗೆ ಕಳಿಸುವುದೇ ಲಾಭ.

ಎಲ್ಲ ಬಿಲ್ಲೂ ಹಣ ಇಲ್ಲದೆ ನಿಲ್ಲುವುದಿಲ್ಲ. ಲೆಕ್ಕ ಶೀರ್ಷಿಕೆ ತಪ್ಪು, ಮಂಜೂರಾತಿ ಆದೇಶದ ನಂಬರು ಇಲ್ಲ, ಸ್ಟಾಕ್ ಸರ್ಟಿಫಿಕೇಟ್ ಇಲ್ಲ, ಅಂಗಡಿಯವರ ಖಾತೆ ನಂಬರಿನಲ್ಲಿ ಒಂದು ಅಂಕಿ ಹೆಚ್ಚು ಅಂತೆಲ್ಲ ನಿಲ್ಲುತ್ತವೆ. ಕಳಿಸುವ ಮೊದಲು ಬರೆದವರಲ್ಲದ ಇನ್ನೊಬ್ಬರು ಓದಲಿ. ವಾಪಸ್ ಬಂದದ್ದಕ್ಕೆ ಒಂದು ಪುಸ್ತಕ ಇಟ್ಟು ಕಾರಣ ಬರೆದಿಡಿ. ಟ್ರೆಜರಿಯ ಕೌಂಟರಿನಲ್ಲಿ ಜಗಳ ಬೇಡ. ಮಿತಿ ಹಾಕಿದವರು ಅವರಲ್ಲ.

ಹೆಜ್ಜೆ 7: ನಿಮ್ಮ ಆಫೀಸಿನವರನ್ನು ನೋಡಿಕೊಳ್ಳಿ

ಕಾಸರಗೋಡಿಗೆ ಪೋಸ್ಟಿಂಗ್ ಆಗಿ ಬರುವ ತೆಂಕಣ ಜಿಲ್ಲೆಗಳ ಕ್ಲರ್ಕ್‌ಗಳಲ್ಲಿ ಹೆಚ್ಚಿನವರು ಬಂದ ದಿನದಿಂದಲೇ ವರ್ಗಾವಣೆಯ ದಾರಿ ನೋಡುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಮನೆ ದೂರ, ಯಾರಿಗಾದರೂ ಹಾಗೆಯೇ. ಆದರೆ ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಅಂತ ಆಫೀಸಿನಲ್ಲಿ ಯಾವುದೂ ಇರಬಾರದು. ಸ್ಪಾರ್ಕ್, ಬಿಮ್ಸ್, ಇ-ಗ್ರಾಂಟ್ಸ್, ಕೇಂದ್ರದ ಹಣದ ಲೆಕ್ಕದ ಪಿಎಫ್‌ಎಂಎಸ್ ನಾಲ್ಕನ್ನೂ ಇಬ್ಬಿಬ್ಬರಿಗೆ ಕಲಿಸಿ.

ಇನ್ನೊಂದು ಸಣ್ಣ ವಿಷಯ, ತೊಂದರೆ ಮಾತ್ರ ದೊಡ್ಡದು. ಬಿಲ್ಲು ಹೋಗುವುದು ಪ್ರಿನ್ಸಿಪಾಲರ ಡಿಜಿಟಲ್ ಸಹಿಯಲ್ಲಿ. ಅವರು ವರ್ಗವಾದರೆ ಅಥವಾ ನಿವೃತ್ತರಾದರೆ ಹೊಸಬರ ಸಹಿ ಸಿದ್ಧವಾಗುವವರೆಗೆ ಎಲ್ಲವೂ ನಿಲ್ಲುತ್ತದೆ. ಕೇರಳದಲ್ಲಿ ಮೇ 31ಕ್ಕೆ ನಿವೃತ್ತರಾಗುವವರು ಬಹಳ. ಜೂನ್‌ನಲ್ಲಿ ಅಡ್ಮಿಷನ್. ಮೇ ಮೊದಲ ವಾರದಲ್ಲೇ ಯಾರಿಗೆ ಚಾರ್ಜು ಅಂತ ಕೇಳಿ, ಕಾಗದಪತ್ರ ಶುರು ಮಾಡಿ.

ಬೈಗುಳ ತಿನ್ನುವ ಸರದಿಯನ್ನೂ ಹಂಚಿಕೊಳ್ಳಿ. ದುಡ್ಡು ಸಿಗದೆ ಕೋಪದಲ್ಲಿ ಬಂದವರನ್ನು ಹೊಸ ಕ್ಲರ್ಕ್ ಎದುರು ಬಿಟ್ಟು ಒಳಗೆ ಹೋಗಬೇಡಿ. ನೀವೇ ಎದ್ದು ಬನ್ನಿ.

ಹೆಜ್ಜೆ 8: ಹೊರಗಿನ ಹಣ ಕೇಳುವಾಗ

ಕೇಳುವ ಬಾಗಿಲು ಕೆಲವು ಇವೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಒಬ್ಬರಿಗೆ ವರ್ಷಕ್ಕೆ 5 ಕೋಟಿ. ಶಾಸಕರ ನಿಧಿ ಬೇರೆ. 2012ರ ಪ್ರಭಾಕರನ್ ಆಯೋಗದ ವರದಿಯ ಮೇಲೆ ಬಂದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಉಂಟು. ಕನ್ನಡ ವಿಭಾಗದ ಕಾರ್ಯಕ್ರಮಗಳಿಗೆ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ಕೇಳಿ ನೋಡಬಹುದು. ಹಳೆ ವಿದ್ಯಾರ್ಥಿಗಳಲ್ಲಿ ಗಲ್ಫ್‌ನಲ್ಲಿ ಇರುವವರೂ ಇದ್ದಾರೆ.

ಆದರೆ ಇವುಗಳಲ್ಲಿ ಹೆಚ್ಚಿನವು ಕಟ್ಟಡಕ್ಕೆ, ಸಾಮಾನಿಗೆ ಸಿಗುವ ಹಣ. ದಿನದ ಖರ್ಚಿಗೆ ಸಿಗುವುದಿಲ್ಲ. ಹೊಸ ಬ್ಲಾಕಿನ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ, ಅದರ ಕರೆಂಟ್ ಬಿಲ್ಲು ಬರುವುದು ನಿಮ್ಮ ಮೇಜಿಗೆ. ಆದ್ದರಿಂದ ಪ್ರಸ್ತಾವನೆಯ ಕೊನೆಗೆ ಒಂದು ಸಾಲು ಸೇರಿಸುವ ಅಭ್ಯಾಸ ಮಾಡಿ: ಇದನ್ನು ನಡೆಸಲು ವರ್ಷಕ್ಕೆ ಇಷ್ಟು ಬೇಕು, ಅದು ಈ ಲೆಕ್ಕದಿಂದ. ಆ ಸಾಲು ತುಂಬಲಿಕ್ಕೆ ಆಗದಿದ್ದರೆ ಕಟ್ಟಡವನ್ನು ಸ್ವಲ್ಪ ತಡೆಯಿರಿ ಅಂತ ಕೌನ್ಸಿಲಿನಲ್ಲಿ ಹೇಳಿ. ಜನ ಇಷ್ಟಪಡುವುದಿಲ್ಲ, ಪರವಾಗಿಲ್ಲ.

ಹೆಜ್ಜೆ 9: ಮಾರ್ಚ್ ಮತ್ತು ಆಮೇಲೆ

ಖರೀದಿಯ ಕೆಲಸವೆಲ್ಲ ಡಿಸೆಂಬರಿಗೆ ಮುಗಿಯಲಿ, ಬಿಲ್ಲು ಜನವರಿಯಲ್ಲಿ ಹೋಗಲಿ. ಮಾರ್ಚ್ ಕೊನೆಯ ವಾರ ಕಳಿಸಿದ್ದು ಸಾಲಿನಲ್ಲಿ ಸಿಕ್ಕಿಬಿದ್ದರೆ ವರ್ಷ ಮುಗಿದು ಅಲಾಟ್‌ಮೆಂಟೇ ಹೋಗುತ್ತದೆ. ಖರ್ಚಾಗದು ಅಂತ ಗೊತ್ತಾದ ಹಣವನ್ನು ಸಮಯಕ್ಕೆ ಸರಿಯಾಗಿ ಸರ್ಕಾರಕ್ಕೆ ಸರೆಂಡರ್ ಮಾಡಿ (ಬಿಟ್ಟುಕೊಡಿ). "ಹೋಗುತ್ತದಲ್ಲ" ಅಂತ ಬೇಡದ ಅಲ್ಮೇರಾ ತೆಗೆದುಕೊಳ್ಳುವುದು ಬೇಡ. ಹಣವನ್ನು ಟ್ರೆಜರಿಯ ಉಳಿತಾಯ (ಎಸ್‌ಬಿ) ಖಾತೆಗೆ ಹಾಕಿ ಮುಂದಿನ ವರ್ಷಕ್ಕೆ ಉಳಿಸುವ ಯೋಚನೆಯೂ ಬೇಡ. ಹಾಗೆ ಉಳಿದದ್ದನ್ನು ಸರ್ಕಾರ ವಾಪಸ್ ತೆಗೆದುಕೊಂಡದ್ದುಂಟು.

ಮುಂದಿನ ಬಜೆಟ್ ಪ್ರಸ್ತಾವನೆ ಬರೆಯುವಾಗ ಹಳೆಯ ಅಂಕಿಗೆ ಶೇ. 10 ಸೇರಿಸಿ ಕಳಿಸುವ ಪದ್ಧತಿ ಈಗ ಸಾಕಾಗುವುದಿಲ್ಲ. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ 2024ರ ಜುಲೈಯಲ್ಲಿ ಶುರುವಾಗಿದೆ. ಮೊದಲ ಬ್ಯಾಚಿನಲ್ಲಿ ಮುಂದುವರಿಯುವ ಮಕ್ಕಳು 2027ರಲ್ಲಿ ನಾಲ್ಕನೇ ವರ್ಷಕ್ಕೆ ಬರುತ್ತಾರೆ. ಅಷ್ಟು ಮಕ್ಕಳಿಗೆ ಕ್ಲಾಸ್‌ರೂಮು, ಗೆಸ್ಟ್ ಗಂಟೆಗಳು, ಪ್ರಾಜೆಕ್ಟಿನ ಖರ್ಚು ಎಷ್ಟು ಅಂತ ಪ್ರತಿ ವಿಭಾಗದಿಂದ ಬರೆದು ತರಿಸಿ. ಅದಕ್ಕೆ ಹಿಂದಿನ ವರ್ಷ ನಿಂತ ಬಿಲ್ಲುಗಳ ಪಟ್ಟಿಯನ್ನು, ಎಷ್ಟು ದಿನ ನಿಂತಿತು ಅನ್ನುವ ಕಾಲಂ ಸಮೇತ ಲಗತ್ತಿಸಿ. ಏಪ್ರಿಲ್ 1ಕ್ಕೆ ಅದೇ ಪಟ್ಟಿಯ ಒಂದು ಪ್ರತಿಯನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಡಿ. ಹೊಸ ವರ್ಷದ ಮೊದಲ ಅಲಾಟ್‌ಮೆಂಟ್ ಬಂದಾಗ ಸಾಲು ಅಲ್ಲಿಂದಲೇ ಶುರುವಾಗಲಿ.